ಬಿದ್ದ ಮೇಲೆ ದೇವರ ಹತ್ತಿರ ಹೋಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಆರಾಧನೆ ಮುಗಿದು ಎಲ್ಲರೂ ಹೊರಗೆ ನಿಂತು ಮಾತಾಡುವಾಗ ಯಾರೋ ಒಬ್ಬರು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳಿವು. ಕೆಲವು ನಡುರಾತ್ರಿ ವಾಟ್ಸಾಪ್‌ನಲ್ಲಿ ಬರುತ್ತವೆ, ಬೆಳಿಗ್ಗೆ ನೋಡಿದರೆ ಕಳುಹಿಸಿದವರೇ ಅಳಿಸಿಬಿಟ್ಟಿರುತ್ತಾರೆ. ನಾನು ಪಾಸ್ಟರ್ ಅಲ್ಲ. ಬೆಂಗಳೂರಿನ ಒಂದು ಕನ್ನಡ ಸಭೆಯಲ್ಲಿ ಮನೆ ಪ್ರಾರ್ಥನಾ ಕೂಟ ನಡೆಸುವವರಲ್ಲಿ ಒಬ್ಬ, ಅಷ್ಟೇ. ಕೇಳುವವರಲ್ಲಿ ಸಿಎಸ್‌ಐನವರು (ದಕ್ಷಿಣ ಭಾರತ ಸಭೆಯವರು), ಕಥೋಲಿಕರು, ಪೆಂತೆಕೋಸ್ತ್ ಸಭೆಯವರು ಎಲ್ಲರೂ ಇದ್ದಾರೆ, ಹಾಗಾಗಿ ಪದ್ಧತಿ ಬೇರೆಯಾಗುವ ಕಡೆ ಅದನ್ನೂ ಬರೆದಿದ್ದೇನೆ. ಯಾರ ಪ್ರಶ್ನೆ ಎಂದು ಗೊತ್ತಾಗದ ಹಾಗೆ ಮಾತು ಬದಲಿಸಿದ್ದೇನೆ, ಹುಡುಕಲು ಹೋಗಬೇಡಿ.

ದೊಡ್ಡ ತಪ್ಪು ಮಾಡಿದ್ದೇನೆ. ಇದೇ ಬಾಯಲ್ಲಿ ಪ್ರಾರ್ಥನೆ ಮಾಡಬಹುದಾ? ಸ್ವಲ್ಪ ದಿನ ಬಿಟ್ಟು, ಸರಿಹೋದ ಮೇಲೆ ಮಾಡಿದರೆ ಆಗಲ್ವಾ?

ಇವತ್ತೇ ಮಾಡಿ. ಮೈ ಶುಚಿಯಾದ ಮೇಲೆ ಬಚ್ಚಲಿಗೆ ಹೋಗುತ್ತೇನೆ ಅಂದ ಹಾಗಾಯಿತು ನಿಮ್ಮ ಮಾತು.

ನಾನು ನೋಡಿದ ಮಟ್ಟಿಗೆ ಜನರನ್ನು ಜಾಸ್ತಿ ಹಾಳು ಮಾಡುವುದು ಬಿದ್ದ ದಿನ ಅಲ್ಲ, ಬಿದ್ದ ಮೇಲೆ ದೇವರಿಗೆ ಮುಖ ತೋರಿಸದೆ ಕಳೆಯುವ ದಿನಗಳು. ಒಂದು ವಾರ ಪ್ರಾರ್ಥನೆ ಬಿಡುತ್ತಾರೆ, ಆಮೇಲೆ ಬಿಟ್ಟಿದ್ದಕ್ಕೇ ನಾಚಿಕೆಯಾಗಿ ಇನ್ನೊಂದು ವಾರ, ಹಾಗೇ ಕ್ರಿಸ್ಮಸ್ ಬರುತ್ತದೆ. ಲೂಕ 18ನೇ ಅಧ್ಯಾಯದ ಸುಂಕದವನನ್ನು ನೋಡಿ, ಜನರಿಂದ ಹೆಚ್ಚಿಗೆ ಕಿತ್ತುಕೊಳ್ಳುವವರು ಎಂದು ಹೆಸರಾದ ತೆರಿಗೆ ವಸೂಲಿಯವರಲ್ಲಿ ಒಬ್ಬ. ದೇವಾಲಯದಲ್ಲಿ ದೂರ ನಿಂತ, ತಲೆ ಎತ್ತಲಿಲ್ಲ, ಎದೆ ಬಡಿದುಕೊಂಡು ಪಾಪಿಯಾದ ನನ್ನನ್ನು ಕರುಣಿಸು ಎಂದ. ಇನ್ನೂ ಒಂದು ಪೈಸೆ ವಾಪಸ್ ಕೊಟ್ಟಿರಲಿಲ್ಲ, ಕೆಲಸ ಬಿಟ್ಟಿರಲಿಲ್ಲ, ಏನೂ ಸರಿಮಾಡಿಕೊಂಡಿರಲಿಲ್ಲ. ಆದರೂ ದೇವರ ದೃಷ್ಟಿಯಲ್ಲಿ ನೀತಿವಂತನಾಗಿ ಮನೆಗೆ ಹೋದವನು ಅವನೇ ಎಂದು ಯೇಸು ಹೇಳಿದರು. ಇಬ್ರಿಯರಿಗೆ ಬರೆದ ಪತ್ರದ 4ನೇ ಅಧ್ಯಾಯವೂ ಅದನ್ನೇ ಹೇಳುತ್ತದೆ. ನಮ್ಮ ಬಲಹೀನತೆ ಗೊತ್ತಿರುವ ಮಹಾಯಾಜಕ ನಮಗಿದ್ದಾನೆ, ಆದ್ದರಿಂದ ಧೈರ್ಯವಾಗಿ ಬನ್ನಿ, ಬೇಕಾದ ಹೊತ್ತಿಗೆ ಸಹಾಯ ಸಿಗುತ್ತದೆ ಎಂದು. ಬೇಕಾದ ಹೊತ್ತು ಅಂದರೆ ಈಗ, ಅಲ್ವಾ?

ಕೂತರೆ ಮಾತೇ ಬರುವುದಿಲ್ಲ. ಏನಂತ ಹೇಳಲಿ?

ನಿಮ್ಮ ಮಾತು ಬರದಿದ್ದರೆ ಬೇರೆಯವರ ಮಾತು ತೆಗೆದುಕೊಳ್ಳಿ. ಕೀರ್ತನೆಗಳಲ್ಲಿ 6, 32, 38, 51, 102, 130, 143 ಈ ಏಳನ್ನು ಸಭೆ ನೂರಾರು ವರ್ಷಗಳಿಂದ ಪಶ್ಚಾತ್ತಾಪದ ಕೀರ್ತನೆಗಳು ಎಂದೇ ಓದುತ್ತಾ ಬಂದಿದೆ. ಒಂದೇ ಸಾಕು ಅನ್ನುವವರಿಗೆ 51. ಓದುವಷ್ಟು ಶಕ್ತಿಯೂ ಇಲ್ಲದಿದ್ದರೆ 130, ಅದು ಎಂಟೇ ವಚನ.

ಆಮೇಲೆ ಮಾಡಿದ್ದನ್ನು ಹೆಸರಿಟ್ಟು ಹೇಳಿ. "ಕರ್ತನೇ, ನನ್ನ ಎಲ್ಲಾ ತಪ್ಪುಗಳನ್ನು ಕ್ಷಮಿಸು" ಅನ್ನುವುದು ಸುಲಭ, ಅದರಲ್ಲಿ ಏನೂ ತಾಗುವುದಿಲ್ಲ. "ಅಮ್ಮನಿಗೆ ಸುಳ್ಳು ಹೇಳಿ ಒಡವೆ ಅಡವಿಟ್ಟೆ, ಆ ದುಡ್ಡನ್ನು ಆಟದಲ್ಲಿ ಕಳೆದೆ, ಕೇಳಿದ್ದಕ್ಕೆ ಅವರ ಮೇಲೇ ರೇಗಿದೆ" ಅಂತ ಹೇಳಿ ನೋಡಿ. ಗಂಟಲು ಹಿಡಿಯುತ್ತದೆ. ಹಿಡಿಯಲಿ. ಕನ್ನಡದಲ್ಲೋ, ಮನೆಯಲ್ಲಿ ಆಡುವ ತಮಿಳು ತೆಲುಗಿನಲ್ಲೋ, ಯಾವುದರಲ್ಲಿ ಜಗಳ ಆಡುತ್ತೀರೋ ಅದೇ ಭಾಷೆಯಲ್ಲಿ ಹೇಳಿ. ಪುಸ್ತಕದ ಭಾಷೆ ಬೇಕಿಲ್ಲ.

ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದವನು. ಈಗ ಎಲ್ಲರಿಗೂ ಗೊತ್ತಾಗಿದೆ. ದೇವರು ಇನ್ನು ನನ್ನನ್ನು ಉಪಯೋಗಿಸುತ್ತಾನಾ?

ಯೇಸುವನ್ನು ಹಿಡಿದ ರಾತ್ರಿ ಅವರು ಯಾರೋ ಗೊತ್ತೇ ಇಲ್ಲ ಎಂದು ಮೂರು ಸಾರಿ ಹೇಳಿದ ಶಿಷ್ಯ ಪೇತ್ರನ ಕಥೆ ನಿಮಗೆ ಗೊತ್ತು, ನೀವೇ ಮಕ್ಕಳಿಗೆ ಹೇಳಿರುತ್ತೀರಿ. ಆದರೆ ಅದರ ಕ್ರಮವನ್ನು ಒಮ್ಮೆ ನಿಧಾನವಾಗಿ ನೋಡಿ. ಲೂಕ 22ರಲ್ಲಿ ಕೋಳಿ ಕೂಗುವ ಮುಂಚೆ, ಪೇತ್ರ ಇನ್ನೂ ಜಂಬದಿಂದ ಮಾತಾಡುತ್ತಿರುವಾಗಲೇ, ನಿನ್ನ ನಂಬಿಕೆ ಕುಂದದಿರಲಿ ಎಂದು ನಿನಗಾಗಿ ಬೇಡಿಕೊಂಡಿದ್ದೇನೆ ಎಂದು ಯೇಸು ಹೇಳುತ್ತಾರೆ. ಅದೇ ಉಸಿರಿನಲ್ಲಿ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎನ್ನುತ್ತಾರೆ. ಅಂದರೆ ಬೀಳುವುದಕ್ಕೆ ಮುಂಚೆಯೇ ಪ್ರಾರ್ಥನೆಯೂ ಆಗಿದೆ, ವಾಪಸ್ ಬಂದ ಮೇಲಿನ ಕೆಲಸವೂ ಗೊತ್ತಾಗಿದೆ. ನಡುವಿನ ಆ ರಾತ್ರಿ ಯೇಸುವಿಗೆ ಹೊಸ ಸುದ್ದಿ ಆಗಿರಲಿಲ್ಲ. ಇನ್ನು ಮಾರ್ಕ 16ರಲ್ಲಿ ಖಾಲಿ ಸಮಾಧಿಯ ಹತ್ತಿರ ಹೆಂಗಸರಿಗೆ ಸಿಕ್ಕ ಮಾತು ನೋಡಿ. ಶಿಷ್ಯರಿಗೂ ಪೇತ್ರನಿಗೂ ಹೇಳಿ ಎಂದು. ಪೇತ್ರ ಶಿಷ್ಯರಲ್ಲಿ ಒಬ್ಬ ತಾನೇ, ಪ್ರತ್ಯೇಕ ಹೆಸರು ಯಾಕೆ? ಸುಮ್ನೆ ಶಿಷ್ಯರಿಗೆ ಅಂದಿದ್ದರೆ ಅವನು ಅದು ನನಗಲ್ಲ ಅಂದುಕೊಂಡು ಮೂಲೆಯಲ್ಲೇ ಕೂತಿರುತ್ತಿದ್ದನೇನೋ ಅಂತ ನನಗೆ ಅನ್ನಿಸುತ್ತದೆ.

ಆದರೆ ಒಂದು ಮಾತು. ಕ್ಷಮೆ ಇವತ್ತೇ ಸಿಗುತ್ತದೆ, ಜವಾಬ್ದಾರಿ ಇವತ್ತೇ ವಾಪಸ್ ಸಿಗಬೇಕೆಂದಿಲ್ಲ. ಸಭೆಯವರು ಸ್ವಲ್ಪ ಕಾಲ ಪಾಠ ಮಾಡಬೇಡಿ ಅಂದರೆ ಜಗಳಕ್ಕೆ ನಿಲ್ಲಬೇಡಿ. ಮಾರ್ಕನೆಂಬ ಯೋಹಾನ, ಸುವಾರ್ತೆ ಸಾರಲು ಹೊರಟಿದ್ದ ಪೌಲ ಬಾರ್ನಬರನ್ನು ದಾರಿಯ ಮಧ್ಯೆ ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋದ. ಮುಂದಿನ ಪ್ರಯಾಣಕ್ಕೆ ಅವನು ಬೇಡವೇ ಬೇಡ ಎಂದು ಪೌಲ, ಕರೆದುಕೊಂಡು ಹೋಗೋಣ ಎಂದು ಬಾರ್ನಬ. ಜಗಳ ಜೋರಾಗಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು, ಮಾರ್ಕನನ್ನು ಬಾರ್ನಬ ಕರೆದುಕೊಂಡು ಹೋದ. ಎಷ್ಟೋ ವರ್ಷದ ಮೇಲೆ ಅದೇ ಪೌಲ ತಿಮೊಥೆಯನಿಗೆ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಬೇಕು. ನಿಮಗೊಬ್ಬ ಬಾರ್ನಬ ಬೇಕು. ಸಭೆಯಲ್ಲಿ ಅಂಥವರು ಒಬ್ಬರಾದರೂ ಇರುತ್ತಾರೆ, ಹೆಚ್ಚಾಗಿ ಹಿಂದಿನ ಸಾಲಿನಲ್ಲಿ.

ಅದೇ ಪಾಪಕ್ಕೆ ಮತ್ತೆ ಮತ್ತೆ ಬೀಳುತ್ತಿದ್ದೇನೆ. ದೇವರಿಗೇ ಬೇಸರ ಬಂದಿರಬೇಕು.

ಒಬ್ಬ ಸಹೋದರನನ್ನು ಏಳು ಸಾರಿ ಕ್ಷಮಿಸಿದರೆ ಸಾಕಾ ಎಂದು ಕೇಳಿದ್ದಕ್ಕೆ ಏಳೆಪ್ಪತ್ತು ಸಾರಿ ಎಂದ ಯೇಸು ತಾವು ಅಷ್ಟಕ್ಕೇ ನಿಲ್ಲಿಸುತ್ತಾರಾ? ಪೇತ್ರ ಕೂಡ ಪೆಂತೆಕೋಸ್ತ್ ದಿನ ಸಾವಿರಾರು ಜನರ ಮುಂದೆ ಧೈರ್ಯವಾಗಿ ಮಾತಾಡಿದ ಮೇಲೂ ಇನ್ನೊಮ್ಮೆ ಹೆದರಿ ಎಡವಿದ. ಅಂತಿಯೋಕ್ಯದಲ್ಲಿ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟಕ್ಕೆ ಕೂರುತ್ತಿದ್ದವನು, ಯೆರೂಸಲೇಮಿನ ಕೆಲವರು ಬಂದ ಕೂಡಲೇ ಎದ್ದು ದೂರ ಹೋದ. ಪೌಲ ಎಲ್ಲರ ಎದುರಿಗೇ ಅವನನ್ನು ಗದರಿಸಿದ್ದು ಗಲಾತ್ಯ ಪತ್ರದ 2ನೇ ಅಧ್ಯಾಯದಲ್ಲಿದೆ. ಹಳೇ ರೋಗವೇ, ಜನ ಏನಂತಾರೋ ಎಂಬ ಭಯ. ದೇವರು ಅವನನ್ನು ಬಿಡಲಿಲ್ಲ, ಆದರೆ ಎದುರಿಗೆ ನಿಂತು ಹೇಳುವ ಒಬ್ಬನನ್ನು ಕಳಿಸಿದ.

ಇಲ್ಲಿಂದ ಮುಂದಿನದು ನನ್ನ ಅಭಿಪ್ರಾಯ, ಸ್ವಲ್ಪ ಖಾರವಾಗಿಯೇ ಇದೆ. ಮತ್ತೆ ಮತ್ತೆ ಬೀಳುವವರಲ್ಲಿ ಹೆಚ್ಚಿನವರು ಪ್ರಾರ್ಥನೆ ಕಡಿಮೆಯಾಗಿ ಬೀಳುತ್ತಿಲ್ಲ, ಒಬ್ಬರೇ ಇದ್ದು ಬೀಳುತ್ತಿದ್ದಾರೆ. ಮಾರತ್ತಹಳ್ಳಿಯ ಪಿಜಿ ರೂಮು, ರಾತ್ರಿ ಪಾಳಿ ಮುಗಿಸಿ ಬಂದ ನಿದ್ದೆಗೆಟ್ಟ ಮೈ, ಕೈಯಲ್ಲಿ ಫೋನು, ಊರಿನವರು ಯಾರೂ ನೋಡುತ್ತಿಲ್ಲ. ಅಲ್ಲಿ ಉಪವಾಸ ಪ್ರಾರ್ಥನೆ ಒಂದೇ ಸಾಕು ಅನ್ನುವುದು ನಿಮಗೆ ಮಾಡುವ ಅನ್ಯಾಯ. ನಿಮ್ಮ ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಎಂದು ಯಾಕೋಬನ ಪತ್ರದ 5ನೇ ಅಧ್ಯಾಯ ಹೇಳುತ್ತದೆ. ಒಬ್ಬರನ್ನು ಆರಿಸಿಕೊಳ್ಳಿ. ನಿಮ್ಮದೇ ಲಿಂಗದವರು, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು, ಮಾತು ಹೊರಗೆ ಹಾಕದವರು. ಬೀಳುವ ಮುಂಚೆ ಫೋನ್ ಮಾಡುತ್ತೇನೆ ಎಂದು ಮಾತು ಕೊಡಿ, ಬಿದ್ದ ಮೇಲೆ ಅಲ್ಲ. ಫೋನನ್ನು ರಾತ್ರಿ ರೂಮಿನ ಹೊರಗೆ ಚಾರ್ಜಿಗೆ ಹಾಕಿ, ಎಬ್ಬಿಸಲು ನೂರಿನ್ನೂರು ರೂಪಾಯಿಯ ಅಲಾರಂ ಗಡಿಯಾರ ಸಾಕು.

ಕುಡಿತವಾದರೆ ಇನ್ನೂ ಒಂದು ವಿಷಯ. ಬಹಳ ವರ್ಷ ದಿನವೂ ಜಾಸ್ತಿ ಕುಡಿಯುತ್ತಿದ್ದವರು ಒಂದು ಕೂಟದಲ್ಲಿ ಕೈ ಎತ್ತಿ ಅವತ್ತೇ ಪೂರ್ತಿ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ ಹತ್ತಿರ ಹೋಗಿಯೇ ನಿಲ್ಲಿಸಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗ ಇದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟಗಳು 1935ರಲ್ಲಿ ಅಮೆರಿಕದಲ್ಲಿ ಶುರುವಾಗಿ ನಮ್ಮ ಊರಿಗೂ ಬಂದಿವೆ. ಪೂರ್ತಿ ಹೆಸರು ಹೇಳಬೇಕಿಲ್ಲ, ಶುಲ್ಕ ಇಲ್ಲ. ಅಲ್ಲಿಗೆ ಹೋಗುವುದು ನಂಬಿಕೆ ಕಡಿಮೆ ಎಂಬುದಕ್ಕೆ ಗುರುತು ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲೇ ಬಿಟ್ಟುಬಿಡಿ.

ಆನ್‌ಲೈನ್ ಆಟದಲ್ಲಿ ದುಡ್ಡು ಕಳೆದು ಸಾಲ ಮಾಡಿದ್ದೇನೆ. ದೇವರು ಕ್ಷಮಿಸಿದರೆ ಸಾಲದ್ದೇನು?

ಸಾಲ ಹಾಗೇ ಇರುತ್ತದೆ. ಯೇಸು ತಾವಾಗಿಯೇ ಸುಂಕದವರ ಮುಖ್ಯಸ್ಥ ಜಕ್ಕಾಯನ ಮನೆಗೆ ಬಂದ ಮೇಲೆ ಅವನು, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಗಮನಿಸಿ, ಯೇಸು ಮನೆಗೆ ಬಂದ ಮೇಲೆ ಕೊಟ್ಟ, ಕೊಟ್ಟಿದ್ದಕ್ಕೆ ಯೇಸು ಬಂದದ್ದಲ್ಲ.

ಮೊದಲು ಒಂದು ಹಾಳೆ ತೆಗೆದುಕೊಂಡು ಯಾರಿಗೆ ಎಷ್ಟು ಎಂದು ಪೂರ್ತಿ ಬರೆಯಿರಿ. ಅರ್ಧ ಬರೆದು ಅರ್ಧ ಬಚ್ಚಿಟ್ಟರೆ ಆ ಅರ್ಧವೇ ಮತ್ತೆ ಆಟಕ್ಕೆ ಎಳೆಯುತ್ತದೆ. ಮನೆಯ ಒಬ್ಬರಿಗೆ ಹಾಳೆ ತೋರಿಸಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾನೂನು ಮಾಡಿ ನಿಷೇಧಿಸಿದೆ, ಹಾಗಿದ್ದೂ ಯಾರೋ ಟೆಲಿಗ್ರಾಂನಲ್ಲಿ ಲಿಂಕ್ ಕಳಿಸುತ್ತಿದ್ದರೆ ಅದು ನಿಮ್ಮನ್ನು ಇನ್ನಷ್ಟು ಹಳ್ಳಕ್ಕೆ ತಳ್ಳುವುದಕ್ಕೆ. ಸಾಲದ ಆ್ಯಪ್‌ನವರು ಫೋಟೋ ತಿದ್ದಿ ಸಂಬಂಧಿಕರಿಗೆ ಕಳಿಸುತ್ತೇವೆ ಎಂದು ಹೆದರಿಸುತ್ತಿದ್ದರೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ಅಪರಾಧದ ಸಹಾಯವಾಣಿ. ಆ ಬೆದರಿಕೆಗೆ ಹೆದರಿ ಇನ್ನೊಂದು ಆ್ಯಪ್‌ನಲ್ಲಿ ಸಾಲ ಮಾಡಬೇಡಿ. ಇನ್ನು ಸಭೆಗೆ ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಟ್ಟರೆ ಸಾಲ ತಾನಾಗಿ ತೀರುತ್ತದೆ ಎಂದು ಹೇಳುವವರಿದ್ದಾರೆ. ಪಕ್ಕದ ಮನೆಯವರ ದುಡ್ಡು ವಾಪಸ್ ಕೊಡುವುದೂ ದೇವರಿಗೆ ಇಷ್ಟವಾದ ಕೆಲಸವೇ.

ದೇವರ ಹತ್ತಿರ ಹೇಳಿದ್ದೇನೆ. ಹೆಂಡತಿಗೂ ಹೇಳಲೇಬೇಕಾ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು, ಎಲ್ಲರಿಗೂ ಒಂದೇ ಉತ್ತರ ಇಲ್ಲ. ಮನಸ್ಸಿನಲ್ಲಿ ಬಂದುಹೋದ ಪ್ರತಿಯೊಂದನ್ನೂ ಅವರ ಮೇಲೆ ಸುರಿದು ನೀವು ಹಗುರಾಗುವುದು ಪ್ರೀತಿಯಲ್ಲ. ಆದರೆ ಅವರ ದುಡ್ಡು, ಆರೋಗ್ಯ, ಅವರು ನಿಮ್ಮ ಮೇಲಿಟ್ಟ ನಂಬಿಕೆ ಇವುಗಳಲ್ಲಿ ಯಾವುದಕ್ಕೆ ಪೆಟ್ಟು ಬಿದ್ದಿದ್ದರೂ ಹೇಳಬೇಕು. ಇನ್ನೊಬ್ಬರ ಬಾಯಿಂದ ಕೇಳುವುದು ನಿಮ್ಮ ಬಾಯಿಂದ ಕೇಳುವುದಕ್ಕಿಂತ ಯಾವಾಗಲೂ ಹೆಚ್ಚು ನೋಯಿಸುತ್ತದೆ. ಮೊದಲು ಗುರುಗಳ ಹತ್ತಿರವೋ ಒಳ್ಳೆಯ ಕೌನ್ಸೆಲರ್ ಹತ್ತಿರವೋ ಮಾತಾಡಿ, ಹೇಗೆ ಹೇಳುವುದು ಎಂದು ಯೋಚಿಸಿ. ಮಕ್ಕಳು ಮನೆಯಲ್ಲಿಲ್ಲದ ಹೊತ್ತು ನೋಡಿ. ಹೇಳಿದ ಮೇಲೆ "ದೇವರೇ ಕ್ಷಮಿಸಿದ್ದಾನೆ, ನೀನು ಯಾಕೆ ಕ್ಷಮಿಸಲ್ಲ" ಎಂಬ ಮಾತು ಮಾತ್ರ ಬಾಯಿಂದ ಬರಬಾರದು. ಅವರಿಗೆ ಬೇಕಾದಷ್ಟು ಸಮಯ ಅವರದು.

ಗಂಡ ಹೊಡೆಯುತ್ತಾರೆ, ಆಮೇಲೆ ಮೊಣಕಾಲೂರಿ ಅಳುತ್ತಾ ಪ್ರಾರ್ಥಿಸುತ್ತಾರೆ. ಕ್ಷಮಿಸಿ ಜೊತೆಗಿರು ಎಂದು ಸಭೆಯ ಹಿರಿಯರು ಹೇಳುತ್ತಾರೆ.

ಅಕ್ಕ, ಮೊದಲು ನೀವೂ ಮಕ್ಕಳೂ ಸುರಕ್ಷಿತವಾಗಿ ಇರಬೇಕು. ಕ್ಷಮಿಸುವುದಕ್ಕೆ ಒಂದೇ ಮನೆಯಲ್ಲಿ ಇರಬೇಕೆಂದೇನೂ ಇಲ್ಲ. ದಾವೀದನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲ, ಅಳುತ್ತಾ ಅವನಿಗೆ ನನ್ನ ಮಗನೇ ಎಂದ, ತಪ್ಪು ಒಪ್ಪಿಕೊಂಡ. ದಾವೀದ ಅವನ ಮೇಲೆ ಕೈ ಎತ್ತಲಿಲ್ಲ, ಹಾಗೆಂದು ಅವನ ಜೊತೆ ಅರಮನೆಗೂ ಹೋಗಲಿಲ್ಲ. 1 ಸಮುವೇಲ 24 ಮತ್ತು 26 ಓದಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ನೀವು ಗಂಡನ ಜೊತೆ ಬಾಳಿದ ಮನೆಯಲ್ಲೇ ಇರುವ ಹಕ್ಕನ್ನೂ ಕೋರ್ಟಿನ ರಕ್ಷಣೆ ಆದೇಶವನ್ನೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಕೊಡುತ್ತದೆ. ಅವರ ಪಶ್ಚಾತ್ತಾಪ ನಿಜವೇ ಆಗಿದ್ದರೆ ದೂರ ಇದ್ದೂ ಅದನ್ನು ತೋರಿಸಬಹುದು.

ಆ ತಪ್ಪು ಆದ ಮೇಲೆ ಕೆಲಸ ಹೋಯಿತು, ಮಗುವಿಗೆ ಹುಷಾರಿಲ್ಲ. ಇದು ಶಿಕ್ಷೆಯಾ?

ಹುಟ್ಟು ಕುರುಡನನ್ನು ತೋರಿಸಿ ಯಾರ ಪಾಪದಿಂದ ಹೀಗಾಯಿತು ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದು ಯೇಸು ಹೇಳಿದ್ದಾರೆ. ಕಂಪನಿಯವರು ನೂರಾರು ಜನರನ್ನು ಒಟ್ಟಿಗೆ ತೆಗೆದಾಗ ಅಷ್ಟೂ ಜನ ನಿಮ್ಮ ಪಾಪಕ್ಕೆ ಹೋದರಾ? ತಪ್ಪಿನ ಫಲ ಎನ್ನುವುದು ಬೇರೆ, ಕುಡಿದು ಗಾಡಿ ಓಡಿಸಿದರೆ ಕೇಸು ಆಗುತ್ತದೆ, ಕ್ಷಮೆ ಸಿಕ್ಕರೂ ಕೇಸು ನಡೆಯುತ್ತದೆ. ಅದನ್ನು ಎದುರಿಸಿ. ಮಗುವಿನ ಜ್ವರವನ್ನು ಅದರ ಜೊತೆ ಗಂಟು ಹಾಕಬೇಡಿ, ಡಾಕ್ಟರಿಗೆ ತೋರಿಸಿ.

ಕ್ಷಮೆ ಕೇಳಿ ತಿಂಗಳುಗಳಾದವು. ಮನಸ್ಸಿಗೆ ಮಾತ್ರ ಸಮಾಧಾನ ಇಲ್ಲ.

ಯೋಹಾನನ ಮೊದಲನೇ ಪತ್ರದಲ್ಲಿ, ನಾವು ಪಾಪಗಳನ್ನು ಒಪ್ಪಿಕೊಂಡರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ ಎಂದಿದೆ. ನಮಗೆ ಹಾಗನ್ನಿಸಿದರೆ ಮಾತ್ರ ಎಂದು ಸೇರಿಸಿಲ್ಲ. ಕೆಲವರಿಗೆ ಸಮಾಧಾನ ಅವತ್ತೇ ಬರುತ್ತದೆ, ಕೆಲವರಿಗೆ ಅದು ತಡವಾಗುತ್ತದೆ. ಸಾಕ್ಷಿ ಹೇಳುವ ಕೂಟಗಳಲ್ಲಿ ಮೊದಲನೆಯವರ ಮಾತೇ ಕೇಳಿಸುವುದು, ಎರಡನೆಯವರು ಮೈಕಿನ ಹತ್ತಿರ ಬರುವುದಿಲ್ಲ.

ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ ನೋಡಿಕೊಳ್ಳಿ. ಪ್ರವಾದಿ ಎಲೀಯ ಸಾಯಬೇಕು ಎಂದು ಮರದ ಕೆಳಗೆ ಮಲಗಿದಾಗ ದೇವದೂತ ಪ್ರಸಂಗ ಮಾಡಲಿಲ್ಲ. ಎದ್ದು ತಿನ್ನು ಎಂದ, ಅವನು ತಿಂದು ಮತ್ತೆ ಮಲಗಿದ, ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ಸಹಾಯ ಕೆಲವೊಮ್ಮೆ ರೊಟ್ಟಿ ನೀರು ನಿದ್ದೆಯ ರೂಪದಲ್ಲೇ ಬರುತ್ತದೆ, ಮಾತ್ರೆಯ ರೂಪದಲ್ಲೂ ಬರುತ್ತದೆ. ಬದುಕಿದ್ದು ಪ್ರಯೋಜನ ಇಲ್ಲ ಎಂಬ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯೇಸುವನ್ನು ಹಿಡಿದುಕೊಟ್ಟ ಯೂದನೂ ಪೇತ್ರನೂ ಒಂದೇ ರಾತ್ರಿ ಬಿದ್ದವರು. ಪೇತ್ರ ಉಳಿದ ಶಿಷ್ಯರ ಜೊತೆಗೇ ಇದ್ದ. ಯೂದ ಒಬ್ಬನೇ ಹೊರಟುಹೋದ.

ಕ್ಷಮೆಯೇ ಇಲ್ಲದ ಪಾಪ ಮಾಡಿಬಿಟ್ಟಿದ್ದೇನಾ?

ಮಾರ್ಕ 3ರಲ್ಲಿ ಯೇಸು ಆ ಮಾತು ಹೇಳಿದ್ದು, ದೇವರಾತ್ಮನ ಕೆಲಸವನ್ನು ಕಣ್ಣಾರೆ ನೋಡಿಯೂ ಅದು ದೆವ್ವದ ಕೆಲಸ ಎಂದವರಿಗೆ. ಅವರಿಗೆ ಕ್ಷಮೆ ಬೇಕೂ ಆಗಿರಲಿಲ್ಲ. ಹೆದರಿ ನಿದ್ದೆಗೆಟ್ಟು ಈ ಪ್ರಶ್ನೆ ಕೇಳುತ್ತಿರುವವರು ಆ ಗುಂಪಿನವರಲ್ಲ.

ಪಾಪಸಂಕೀರ್ತನೆ ಮಾಡಿ ವರ್ಷಗಳೇ ಆದವು. ಹೇಗೆ ಶುರು ಮಾಡುವುದೂ ಮರೆತಿದೆ.

ಕಥೋಲಿಕರ ಪ್ರಶ್ನೆ, ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದರ ಬಗ್ಗೆ. ಗುರುಗಳಿಗೆ ಅದನ್ನೇ ಹೇಳಿ: "ಫಾದರ್, ತುಂಬಾ ವರ್ಷ ಆಯ್ತು, ಮರೆತುಹೋಗಿದೆ." ಅವರೇ ಒಂದೊಂದಾಗಿ ಕೇಳಿ ನಡೆಸುತ್ತಾರೆ. ಕೇಳಿದ್ದನ್ನು ಅವರು ಯಾರಿಗೂ, ಎಂಥ ಸಂದರ್ಭದಲ್ಲೂ ಹೇಳುವ ಹಾಗಿಲ್ಲ, ಸಭೆಯ ಕಾನೂನು ಅಷ್ಟು ಕಟ್ಟುನಿಟ್ಟು. ನಿಮ್ಮದೇ ಚರ್ಚಿನ ಗುರುಗಳ ಹತ್ತಿರ ಮುಜುಗರವಾದರೆ ಬೇರೆ ಚರ್ಚಿಗೆ ಹೋಗಬಹುದು, ತಪ್ಪೇನಿಲ್ಲ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ, ಗುರುವಾರ ವಿವೇಕನಗರದ ಬಾಲಯೇಸುವಿನ ಚರ್ಚಿನಲ್ಲಿ ಅಷ್ಟು ಜನರ ಮಧ್ಯೆ ನಿಮ್ಮನ್ನು ಯಾರು ಗುರುತು ಹಿಡಿಯುತ್ತಾರೆ? ಸಮಯ ಮೊದಲೇ ಚರ್ಚಿನ ಕಚೇರಿಯಲ್ಲಿ ಕೇಳಿಕೊಳ್ಳಿ. ಸೆಪ್ಟೆಂಬರ್ 8ರ ಮಾತೆಯ ಹಬ್ಬದ ನೂಕುನುಗ್ಗಲಿನಲ್ಲಿ ಮಾತ್ರ ಬೇಡ, ನಿಧಾನವಾಗಿ ಮಾತಾಡಲು ಆಗುವುದಿಲ್ಲ. ದೊಡ್ಡ ಪಾಪ ಇದ್ದರೆ ಪಾಪಸಂಕೀರ್ತನೆ ಆಗುವವರೆಗೆ ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ, ಆದರೆ ಬಲಿಪೂಜೆಗೆ ಬರಬಾರದು ಎಂದೇನೂ ಇಲ್ಲ. ಇದನ್ನು ತಪ್ಪಾಗಿ ತಿಳಿದು ಚರ್ಚನ್ನೇ ಬಿಟ್ಟವರಿದ್ದಾರೆ.

ಉಳಿದ ಸಭೆಗಳವರು ಪ್ರಭುಭೋಜನದ ಬಗ್ಗೆ ಕೇಳುತ್ತಾರೆ. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದು ಪೌಲ ಬರೆದಿದ್ದಾನೆ. ಪರೀಕ್ಷಿಸಿಕೊಂಡು ಎದ್ದುಹೋಗಲಿ ಎಂದಲ್ಲ.

ಎರಡು ವರ್ಷದಿಂದ ಚರ್ಚಿಗೆ ಹೋಗಿಲ್ಲ. ಈಗ ಹೋದರೆ ಎಲ್ಲರೂ ಕೇಳುತ್ತಾರೆ.

ಕೇಳುತ್ತಾರೆ, ನಿಜ. "ಎಲ್ಲಿ ಕಾಣ್ಲೇ ಇಲ್ಲ?" ಅಂದರೆ "ಈಗ ಬಂದಿದ್ದೀನಲ್ಲ" ಅಂದರೆ ಸಾಕು, ಎಲ್ಲರಿಗೂ ವಿವರ ಕೊಡುವ ಋಣ ನಿಮಗಿಲ್ಲ. ಮೊದಲ ವಾರ ಗೊತ್ತಿಲ್ಲದ ಸಭೆಗೆ ಹೋಗಬೇಕು ಅನ್ನಿಸಿದರೆ ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿನಂಥ ದೊಡ್ಡ ಕನ್ನಡ ಸಭೆಯಲ್ಲಿ ಹಿಂದೆ ಕೂತು ಬರಬಹುದು. ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ. ಹೆಸರು ಹಿಡಿದು ಕರೆಯುವವರು ಇರುವ ಕಡೆಗೇ ಕೊನೆಗೆ ಹೋಗಬೇಕು, ಅಲ್ಲಿನ ಒಂದಿಬ್ಬರು ಬಾಯಿಬಡುಕರನ್ನು ಸಹಿಸಿಕೊಂಡಾದರೂ.

ಗೆಳತಿ ಎಡವಿದ್ದಾಳೆ. ನಾನೇನು ಮಾಡಲಿ?

ಅವಳ ಜೊತೆ ಊಟ ಮಾಡಿ. ಗಲಾತ್ಯ 6ರಲ್ಲಿ ಅಂಥವರನ್ನು ಸೌಮ್ಯವಾಗಿ ಸರಿದಾರಿಗೆ ತನ್ನಿ, ನಿಮ್ಮ ಬಗ್ಗೆಯೂ ಎಚ್ಚರವಾಗಿರಿ ಎಂದಿದೆ. "ಪ್ರಾರ್ಥನಾ ವಿಷಯ" ಎಂದು ಅವಳ ಕಥೆಯನ್ನು ಗುಂಪಿಗೆ ಹಾಕಬೇಡಿ. ನಮ್ಮ ಸಭೆಗಳಲ್ಲಿ ಚಾಡಿ ಹೆಚ್ಚಾಗಿ ಈ ಹೆಸರಿನಲ್ಲೇ ಓಡಾಡುತ್ತದೆ.

ನಮ್ಮ ಪಾಸ್ಟರೇ ಬಿದ್ದರು. ಅವರಿಂದ ದೀಕ್ಷಾಸ್ನಾನ ಪಡೆದ ನಾನು ಈಗ ಯಾರನ್ನು ನಂಬಲಿ?

ನಿಮ್ಮ ದೀಕ್ಷಾಸ್ನಾನ ಆದದ್ದು ಕ್ರಿಸ್ತನ ಹೆಸರಿನಲ್ಲಿ, ಅವರ ಹೆಸರಿನಲ್ಲಲ್ಲ. ಅದು ಹಾಗೇ ಇದೆ. ಸಿಟ್ಟು ಬಂದಿದ್ದರೆ ಸರಿಯೇ ಇದೆ. ಹಿರಿಯರ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿದ್ದರೆ ಕೇಳಬೇಕು, ತಪ್ಪು ನಿಜವಾದರೆ ಎಲ್ಲರ ಮುಂದೆ ಗದರಿಸಬೇಕು ಎಂದು 1 ತಿಮೊಥೆಯ 5 ಹೇಳುತ್ತದೆ. ಮುಚ್ಚಿಹಾಕಿ ಎಂದು ಎಲ್ಲೂ ಹೇಳಿಲ್ಲ. ವಿಷಯ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯವಾಗಿದ್ದರೆ ಸಭೆಯ ಕಮಿಟಿಗೆ ಕಾಯಬೇಡಿ, ನೇರವಾಗಿ ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಸಭೆಯ ಮರ್ಯಾದೆ ಹೋಗುತ್ತದೆ ಅನ್ನುವವರಿಗೆ ಮಗುವಿನ ಹೆಸರು ಬಿಟ್ಟು ಬೇರೆ ಎಲ್ಲ ಹೆಸರುಗಳ ಚಿಂತೆ ಇರುತ್ತದೆ.

ಯೂಟ್ಯೂಬ್‌ನ ಒಬ್ಬ ಬ್ರದರ್ ಕಾಣಿಕೆ ಕಳಿಸಿದರೆ ಶಾಪ ಮುರಿಯುತ್ತೇನೆ ಎನ್ನುತ್ತಾರೆ. ಕಳಿಸಲಾ?

ಬೇಡ. ದೇವರ ವರವನ್ನು ದುಡ್ಡಿಗೆ ಕೊಳ್ಳಬಹುದು ಅಂದುಕೊಂಡ ಮಾಟಗಾರ ಸೀಮೋನನಿಗೆ ಪೇತ್ರ ಏನು ಹೇಳಿದ ಎಂದು ಅಪೊಸ್ತಲರ ಕೃತ್ಯಗಳು 8ರಲ್ಲಿ ಓದಿ, ಬೈಗುಳ ಚೆನ್ನಾಗಿದೆ. ಆಗಲೇ ಕಳಿಸಿದ್ದರೆ ಮತ್ತೆ ಕಳಿಸಬೇಡಿ, ಆ ನಂಬರ್ ಬ್ಲಾಕ್ ಮಾಡಿ.